ಮಂಡ್ಯ ಸೀಮೆಯ ಅನ್ನಪಾನಗಳೂ ಅವುಗಳ ಆರೋಗ್ಯಗುಣಗಳೂ

ಶ್ರೀಮಠದ ಮಹೋತ್ಸವದ ಸ್ಮಾರಕ ಸಂಪುಟಕ್ಕೆ ಈ ಸೀಮೆಯ ಚರಿತ್ರೆಗೆ ಸಂಬಂಧಪಟ್ಟ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಶಾಸನಗಳನ್ನೋ ಪಾಳೆಯಗಾರರ ವಂಶಾವಳಿಯನ್ನೋ ಕುರಿತು ಬರೆಯಬಹುದೆಂದು ಮೊದಲು ಯೋಚಿಸಿದೆನು. ಆದರೆ ಅರಸರ ಚರಿತ್ರೆಯನ್ನು ಬರೆದವರು ನಮ್ಮಲ್ಲಿ ಅನೇಕರಿದ್ದಾರೆ. ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಯ ಒಕ್ಕಲುಮಕ್ಕಳು ಏನನ್ನು ಉಂಡರು, ಏನನ್ನು ಕುಡಿದರು, ಅದರಿಂದ ತಮಗೆ ಯಾವ ಒಳಿತಾಗುವುದೆಂದು ನಂಬಿದ್ದರು ಎಂಬುದನ್ನು ಬರೆದಿಟ್ಟವರು ವಿರಳ. ಈ ವಿಷಯವನ್ನೇ ಕೈಕೊಳ್ಳುವಂತೆ ನನ್ನನ್ನು ಪ್ರೇರಿಸಿದುದು ಶ್ರೀಮಠದ ದಾಸೋಹದ ಪಂಕ್ತಿಯೇ. ಅಲ್ಲಿ ಎಡಬಲದಲ್ಲಿ ಕುಳಿತವರ ಮಾತುಗಳನ್ನು ಕೇಳುತ್ತಿದ್ದರೆ, ಮುದ್ದೆಯಿಂದ ಸಕ್ಕರೆ ಕಾಯಿಲೆ ವಾಸಿಯಾಗುವುದೆಂದು ಒಬ್ಬರು, ಅರಸಿನದ ನೀರಿನಿಂದ ಅರ್ಬುದ ರೋಗವು ಕರಗುವುದೆಂದು ಮತ್ತೊಬ್ಬರು, ಬೆಲ್ಲವು ರಕ್ತವನ್ನು ಶುದ್ಧಿ ಮಾಡುವುದೆಂದು ಮಗುದೊಬ್ಬರು ಹೇಳುತ್ತಿರುವರು. ಕೇಳಿದರೆ ಹಿರಿಯರು ಹೇಳಿದ್ದೆನ್ನುವರು. ವಿಚಾರಿಸಿ ನೋಡಿದರೆ ಅರ್ಧಕ್ಕರ್ಧ ಮಾತು ಹಿಂದಿನ ವಾರ ಮೊಬೈಲಿನಲ್ಲಿ ಬಂದುದಾಗಿರುವುದು. ಇವುಗಳಲ್ಲಿ ಯಾವುದು ನಿಜವಾಗಿ ಪುರಾತನವಾದುದು, ಯಾವುದು ಪರೀಕ್ಷೆಗೆ ನಿಂತಿತು, ಯಾವುದು ನಿಲ್ಲಲಿಲ್ಲ ಎಂಬುದನ್ನು ತಿಳಿದಮಟ್ಟಿಗೆ ಭಕ್ತಮಹನೀಯರ ಮುಂದಿಡುವೆನು. ನಾನು ವೈದ್ಯನಲ್ಲ, ಚರಿತ್ರೆಯ ಪಾಠ ಹೇಳಿ ನಿವೃತ್ತನಾದವನು.

ಇಂದು ಮಂಡ್ಯವೆಂದೊಡನೆ ಕಬ್ಬಿನ ಗದ್ದೆಯೂ ಭತ್ತದ ಪೈರೂ ಕಣ್ಣಿಗೆ ಕಟ್ಟುವುವಷ್ಟೆ. ಆದರೆ ನೂರು ವರ್ಷಗಳ ಹಿಂದೆ ಈ ನೆಲದ ಬಹುಭಾಗವು ಮಳೆಯನ್ನೇ ನಂಬಿದ್ದ ಬೆದ್ದಲು. ಕೆರೆಗಳ ಹಿಂದೆಯೂ ಹಳೆಯ ನಾಲೆಗಳ ಬದಿಯಲ್ಲಿಯೂ ಒಂದಿಷ್ಟು ಗದ್ದೆಗಳಿದ್ದುವು. ಮಿಕ್ಕುದೆಲ್ಲವೂ ರಾಗಿ, ಅವರೆ, ಹುರುಳಿ, ಹುಚ್ಚೆಳ್ಳು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಇಂಗ್ಲಿಷ್ ಕಂಪನಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮದ್ದೂರಿನ ದಾರಿಯಾಗಿ ಈ ಸೀಮೆಯನ್ನು ಹಾದುಹೋದನು. ಆತನ ಪ್ರವಾಸ ಗ್ರಂಥವು 1807ರಲ್ಲಿ ಅಚ್ಚಾಯಿತು. ಬೆದ್ದಲಿನ ಬೆಳೆಗಳಲ್ಲಿ ರಾಗಿಯೇ ಮುಖ್ಯವೆಂದೂ ಸಾಮಾನ್ಯ ಜನರ ನಿತ್ಯಾಹಾರವು ಅದೇ ಎಂದೂ ಆತನು ಬರೆದಿರುವನು.

ರಾಗಿಯನ್ನು ನಾವು ನಮ್ಮ ಮಣ್ಣಿನ ಮಗುವೆಂದು ತಿಳಿದಿರುವೆವು. ಸಸ್ಯಶಾಸ್ತ್ರಜ್ಞರ ನಿರ್ಣಯದಂತೆ ಅದರ ತವರು ಪೂರ್ವ ಆಫ್ರಿಕದ ಎತ್ತರದ ನಾಡುಗಳು. ಸಾವಿರಾರು ವರ್ಷಗಳ ಹಿಂದೆಯೇ ಅದು ಕಡಲನ್ನು ದಾಟಿ ನಮ್ಮಲ್ಲಿಗೆ ಬಂದಿತು. ಬಂದ ಮೇಲೆ ನಮ್ಮದೇ ಆಯಿತೆಂಬುದಕ್ಕೆ ಕನಕದಾಸರ ರಾಮಧಾನ್ಯ ಚರಿತ್ರೆಗಿಂತ ಬೇರೆ ಸಾಕ್ಷಿ ಬೇಡ. ಆ ಕಾವ್ಯದಲ್ಲಿ ವ್ರೀಹಿಗೂ ನರೆದಲೆಗನೆಂಬ ರಾಗಿಗೂ ಹಿರಿಮೆಯ ವಿಷಯದಲ್ಲಿ ವಾದ ಹುಟ್ಟಲು, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುವನು. ಅವಧಿ ಮುಗಿದಾಗ ಭತ್ತವು ಕಳೆಗುಂದಿರುತ್ತದೆ. ರಾಗಿಯು ಹಾಗೆಯೇ ಇರುತ್ತದೆ. ಗೆದ್ದ ಧಾನ್ಯಕ್ಕೆ ರಾಘವನ ಹೆಸರು ಬರುತ್ತದೆ.

ಈ ಕಥೆಯನ್ನು ಇಂದಿನವರು ರಾಗಿಯ ಪುಷ್ಟಿಗೆ ಪ್ರಮಾಣವೆಂದು ಉದಾಹರಿಸುತ್ತಾರೆ. ಆದರೆ ಕನಕದಾಸರು ಒಡ್ಡಿದ ಪರೀಕ್ಷೆ ಯಾವುದೆಂಬುದನ್ನು ವಾಚಕರು ಗಮನಿಸಬೇಕು. ಧಾನ್ಯಗಳನ್ನು ಯಾರೂ ಉಂಡು ನೋಡಲಿಲ್ಲ, ಇಟ್ಟು ನೋಡಿದರು. ಹುಳು ಹಿಡಿಯದೆ ವರ್ಷಗಟ್ಟಲೆ ನಿಲ್ಲುವುದೇ ರಾಗಿಯ ಗುಣ. ಅದಕ್ಕಾಗಿಯೇ ನಮ್ಮ ಹಳ್ಳಿಗಳಲ್ಲಿ ನೆಲದೊಳಗೆ ಹಗೇವುಗಳನ್ನು ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹಗೇವನ್ನು ತೆರೆದೊಡನೆ ಒಳಗಿಳಿಯಬಾರದು, ಒಳಗಿನ ಗಾಳಿಯು ಪ್ರಾಣ ತೆಗೆಯುವುದು. ದೀಪವನ್ನು ಬಿಟ್ಟು ನೋಡಿ ಇಳಿಯುತ್ತಿದ್ದುದುಂಟು. 1876ರಿಂದ 1878ರವರೆಗಿನ ಧಾತು ಈಶ್ವರ ಕ್ಷಾಮವೆಂಬ ಮಹಾವಿಪತ್ತಿನಲ್ಲಿ ಮೈಸೂರು ಸಂಸ್ಥಾನವು ಪಟ್ಟ ಪಾಡನ್ನು ಜನಗಣತಿಯೇ ಹೇಳುವುದು: 1871ರಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು. ಅಂಥ ಕಾಲದಲ್ಲಿ ಹಗೇವಿನಲ್ಲಿ ಎರಡು ವರ್ಷದ ರಾಗಿಯಿದ್ದ ಮನೆಗೆ ರಾಗಿಯು ನಿಜವಾಗಿ ಪ್ರಾಣರಕ್ಷಕವೇ ಆಗಿದ್ದಿತು. ಹಿರಿಯರು ರಾಗಿಯನ್ನು ಕೊಂಡಾಡಿದುದು ಈ ಅನುಭವದಿಂದ. ರಾಗಿ ತಿಂದವನು ನಿರೋಗಿ ಎಂಬ ಗಾದೆಯಲ್ಲಿ ರೋಗಕ್ಕಿಂತ ಹಸಿವಿನ ನೆನಪೇ ಹೆಚ್ಚಾಗಿದೆಯೆಂದು ನನಗೆ ತೋರುವುದು.

ಕನ್ನಂಬಾಡಿಯ ಕಟ್ಟೆಯ ಕೆಲಸವು 1911ರಲ್ಲಿ ಆರಂಭವಾಗಿ ಎರಡು ದಶಕಗಳ ತರುವಾಯ ಮುಗಿಯಿತು. ಇರ್ವಿನ್ ನಾಲೆಯೆಂದು ಮೊದಲು ಹೆಸರಾಗಿ ಈಗ ವಿಶ್ವೇಶ್ವರಯ್ಯ ನಾಲೆಯೆನಿಸಿರುವ ಕಾಲುವೆಯಲ್ಲಿ 1930ರ ದಶಕದ ಆದಿಯಲ್ಲಿ ನೀರು ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಮಂಡ್ಯದಲ್ಲಿ ಸ್ಥಾಪಿತವಾಯಿತು; ಸಂಸ್ಥಾನದ ವ್ಯವಸಾಯ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡ ದೇಶದ ಲೆಸ್ಲಿ ಕೋಲ್ಮನ್ನರ ಪರಿಶ್ರಮವು ಅದರ ಹಿಂದೆ ಇದ್ದಿತು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆಯೇ ಹುಟ್ಟಿತು. ಇಷ್ಟು ಅಲ್ಪಕಾಲದಲ್ಲಿ ಒಂದು ಸೀಮೆಯ ಊಟವೇ ಬದಲಾದ ನಿದರ್ಶನಗಳು ನಮ್ಮ ನಾಡಿನಲ್ಲಿ ಹೆಚ್ಚಿಲ್ಲ. ಹಬ್ಬಕ್ಕೂ ಬೀಗರಿಗೂ ಮಾತ್ರ ಅನ್ನ ಮಾಡುತ್ತಿದ್ದ ಮನೆಗಳಲ್ಲಿ ಅನ್ನವು ನಿತ್ಯವಾಯಿತು. ಬೆಲ್ಲವನ್ನು ಬಂಗಾರದಂತೆ ಅಳೆದು ಕೊಡುತ್ತಿದ್ದ ಅಜ್ಜಿಯರ ಮೊಮ್ಮಕ್ಕಳು ಆಲೆಮನೆಯಲ್ಲಿ ಬಿಸಿ ಬೆಲ್ಲವನ್ನು ಎಲೆಯಲ್ಲಿ ಹಾಕಿಸಿಕೊಂಡು ತಿಂದರು. ಇದು ಸುಖವೇ ಹೊರತು ದುಃಖವಲ್ಲ. ಹಸಿವನ್ನು ಕಂಡವರಿಗೆ ಇದು ತಿಳಿಯುವುದು. ನೀರಿನ ಜೊತೆಗೆ ಸೊಳ್ಳೆಯೂ ಮಲೇರಿಯ ಜ್ವರವೂ ಬಂದುವೆಂಬುದನ್ನು ಕೂಡ ಇಲ್ಲಿಯೇ ಹೇಳಬೇಕು. ಹಿಂದಿನವರಿಗೆ ರೋಗವೇ ಇರಲಿಲ್ಲ, ರಾಗಿ ಬಿಟ್ಟುದರಿಂದಲೇ ಎಲ್ಲವೂ ಬಂದಿತು ಎನ್ನುವವರು ಈ ಜ್ವರದ ಮಾತನ್ನು ಮರೆಯುತ್ತಾರೆ.

ಅನ್ನವು ಹೆಚ್ಚಾದುದಕ್ಕಿಂತ ದೊಡ್ಡ ಬದಲಾವಣೆಯೆಂದರೆ ಅಕ್ಕಿಯೇ ಬದಲಾದುದು. ಒರಳು ಒನಕೆಗಳ ಕಾಲದಲ್ಲಿ ಅಕ್ಕಿಯ ಮೇಲೆ ತೌಡಿನ ಪೊರೆ ಉಳಿಯುತ್ತಿದ್ದಿತು. ಭತ್ತ ಕುಟ್ಟುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದ ಕೊಟ್ಟಣದ ಸೋಮಮ್ಮನಂಥ ಶರಣೆಯನ್ನು ನೆನೆಯುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಗಿರಣಿಯು ಬಂದು ಆ ಪೊರೆಯನ್ನು ತೆಗೆದು ಅಕ್ಕಿಯನ್ನು ಮಲ್ಲಿಗೆಯಂತೆ ಬಿಳುಪು ಮಾಡಿತು. ಪೊರೆಯಲ್ಲಿ ಏನಿದ್ದಿತೆಂಬುದು ಜಾವಾ ದ್ವೀಪದಲ್ಲಿ ಗೊತ್ತಾಯಿತು. ಅಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಕೋಳಿಗಳಿಗೆ ಬಿಳಿಯ ಅಕ್ಕಿಯನ್ನು ಮಾತ್ರ ಹಾಕಿದಾಗ ಅವು ಬೆರಿಬೆರಿಯಂಥ ರೋಗದಿಂದ ಕಾಲು ಕಳೆದುಕೊಂಡುವು. ತೌಡುಳ್ಳ ಅಕ್ಕಿಯನ್ನು ಹಾಕಿದಾಗ ಚೇತರಿಸಿಕೊಂಡುವು. ಈ ಶೋಧನೆಗಾಗಿ ಅವರಿಗೆ 1929ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ನಮ್ಮ ದೇಶದಲ್ಲಿ ಇದೇ ಕಾರ್ಯವು ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ಬೆರಿಬೆರಿ ರೋಗದ ವಿಚಾರಣೆಯಾಗಿ ಪ್ರಾರಂಭವಾಯಿತು. ಅದರ ಕರ್ತೃಗಳಾದ ರಾಬರ್ಟ್ ಮೆಕ್ಯಾರಿಸನ್ ಎಂಬವರು ಹಿಂದೂಸ್ಥಾನದ ಬೇರೆ ಬೇರೆ ಜನಾಂಗಗಳ ಊಟವನ್ನು ಇಲಿಗಳ ಗುಂಪುಗಳಿಗೆ ಉಣಿಸಿ ಅವುಗಳ ಬೆಳವಣಿಗೆಯನ್ನು ತೂಗಿ ನೋಡಿದರು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿಗಳಿಂದ ಕೂಡಿದ ಸಿಖ್ಖರ ಊಟದ ಇಲಿಗಳು ಎಲ್ಲವನ್ನೂ ಮೀರಿಸಿದುವು; ಮದರಾಸಿನ ಅಕ್ಕಿಯೂಟದವು ಎಲ್ಲಕ್ಕಿಂತ ಹಿಂದುಳಿದುವು. ಕನ್ನಡಿಗರ ಊಟವೆಂದು ಅವರು ಇಟ್ಟಿದ್ದುದರ ಸ್ಥಾನವೂ ಕೆಳಗಿನ ಸಾಲಿನಲ್ಲಿಯೇ. ನಮ್ಮ ಪೂರ್ವಿಕರ ಅಡುಗೆಯು ಲೋಕದಲ್ಲಿಯೇ ಶ್ರೇಷ್ಠವೆಂದು ಸಭೆಗಳಲ್ಲಿ ಹೇಳುವವರು ಆ ಇಲಿಗಳನ್ನೊಮ್ಮೆ ಸ್ಮರಿಸುವುದು ಲೇಸು. ಕೂನೂರಿನ ಸಂಸ್ಥೆಯು 1958ರಲ್ಲಿ ಹೈದರಾಬಾದಿಗೆ ಹೋಯಿತು. ಈಗ ಅದು ರಾಷ್ಟ್ರೀಯ ಪೋಷಣ ಸಂಸ್ಥೆಯೆನಿಸಿದೆ. ನಮ್ಮ ಆಹಾರ ಪದಾರ್ಥಗಳಲ್ಲಿ ಯಾವ ಅಂಶ ಎಷ್ಟಿದೆಯೆಂದು ಕೋಷ್ಟಕಗಳಲ್ಲಿ ಬರೆದ ಮೊದಲ ಕೈಪಿಡಿಯನ್ನು ವ್ಯಾಲೇಸ್ ಎಕ್ರಾಯ್ಡರು ಕೂನೂರಿನಿಂದಲೇ 1937ರಲ್ಲಿ ಪ್ರಕಟಿಸಿದರು.

ಆ ಪರಂಪರೆಯ ಕೋಷ್ಟಕಗಳಲ್ಲಿ ರಾಗಿಯ ಸ್ಥಾನವು ನೋಡತಕ್ಕದ್ದಾಗಿದೆ. 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ ಎಂಬ ಸುಣ್ಣದಂಶವಿದೆ; ಗಿರಣಿಯ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂ. ಮೂಳೆಗೂ ಹಲ್ಲಿಗೂ ಬೇಕಾದ ಈ ಅಂಶವು ಇಷ್ಟರಮಟ್ಟಿಗೆ ಬೇರೆ ಯಾವ ಧಾನ್ಯದಲ್ಲಿಯೂ ಇಲ್ಲ. ಹಾಲು ಕಾಣದ ಬಡವರ ಮಕ್ಕಳ ಮೂಳೆಯು ನಿಂತುದು ಇದರಿಂದಲೇ ಇರಬೇಕು. ಕಬ್ಬಿಣದ ಅಂಶವೂ ಅಕ್ಕಿಗಿಂತ ಹಲವು ಪಟ್ಟು ಹೆಚ್ಚು. ಆದರೆ ರಾಗಿಯ ಸಿಪ್ಪೆಯಲ್ಲಿರುವ ಕೆಲವು ಪದಾರ್ಥಗಳು ಅದನ್ನು ದೇಹಕ್ಕೆ ಪೂರ್ತಿಯಾಗಿ ಸೇರಗೊಡುವುದಿಲ್ಲ. ಮೊಳಕೆ ಕಟ್ಟಿಸಿದರೆ ಆ ಅಡ್ಡಿಯು ತಕ್ಕಷ್ಟು ತಗ್ಗುವುದು. ಕೂಸುಗಳಿಗೆ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ, ವಸ್ತ್ರಗಾಳಿತ ಮಾಡಿ ಸರಿ ಕಾಯಿಸಿ ಕುಡಿಸುತ್ತಿದ್ದ ನಮ್ಮ ತಾಯಂದಿರು ಯಾವ ಕೋಷ್ಟಕವನ್ನೂ ನೋಡಿರಲಿಲ್ಲ. ಮೈಸೂರಿನ ಚೆಲುವಾಂಬ ವಿಲಾಸದ ಅರಮನೆಯಲ್ಲಿ 1950ರಲ್ಲಿ ಪ್ರಾರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದವರು ಮುಂದೆ ರಾಗಿಯ ಮೊಳಕೆಹಿಟ್ಟನ್ನು ಬಹುಕಾಲ ಪರಿಶೋಧಿಸಿ, ಆ ಕ್ರಮವು ಶಿಶುವಿನ ಆಹಾರಕ್ಕೆ ಯುಕ್ತವೆಂದು ಕಂಡುಕೊಂಡರು. ಹಿರಿಯರ ಮಾತು ಪರೀಕ್ಷೆಗೆ ನಿಂತ ಉದಾಹರಣೆಗಳಲ್ಲಿ ಇದಕ್ಕೆ ಅಗ್ರಸ್ಥಾನವನ್ನು ಕೊಡುವೆನು.

ಮಧುಮೇಹದ ವಿಷಯದಲ್ಲಿ ಮಾತ್ರ ಎಚ್ಚರವಿರಬೇಕು. ರಾಗಿಯಲ್ಲಿಯೂ ನೂರಕ್ಕೆ 72 ಪಾಲು ಪಿಷ್ಟಾದಿಗಳೇ; ಅಕ್ಕಿಯಲ್ಲಿ 78. ನಾರು ಹೆಚ್ಚಾಗಿರುವುದರಿಂದ ಹಸಿವನ್ನು ತಡೆಯುವುದು ದಿಟ. ಆದರೆ ನುಣ್ಣಗೆ ಬೀಸಿದ ಹಿಟ್ಟನ್ನು ಚೆನ್ನಾಗಿ ಬೇಯಿಸಿ ತಿರುವಿದ ಮುದ್ದೆಯು ರಕ್ತದ ಸಕ್ಕರೆಯನ್ನು ಸಾಕಷ್ಟು ಏರಿಸುವುದು. ಹೊಲದಲ್ಲಿ ಬೆವರು ಹರಿಸಿದ ತಾತನಿಗೆ ಎರಡು ಮುದ್ದೆ ಒಗ್ಗಿದುದು ಅಂಗಡಿಯಲ್ಲಿ ಕುಳಿತ ಮೊಮ್ಮಗನಿಗೆ ಒಗ್ಗಲಾರದು. ವಿಶ್ವಸಂಸ್ಥೆಯವರು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಈ ಧಾನ್ಯಗಳ ಬೆಲೆ ಏರಿದಂತೆ ಅವುಗಳ ಮಹಿಮೆಯೂ ಏರಿದೆ. ವ್ಯಾಪಾರಿಗಳ ಚೀಟಿಯಲ್ಲಿ ಇಲ್ಲದ ರೋಗವಿಲ್ಲ.

ರಾಗಿಯ ಪ್ರಸ್ತಾಪದಲ್ಲಿ ಮಂಡ್ಯದ ವಿ. ಸಿ. ಫಾರಂ ಎಂಬ ವಿಶ್ವೇಶ್ವರಯ್ಯ ನಾಲಾ ಕೃಷಿಕ್ಷೇತ್ರದ ಹೆಸರನ್ನು ಬಿಡಲಾಗದು. ಭತ್ತಕ್ಕೂ ಕಬ್ಬಿಗೂ ಹೆಸರಾದ ಆ ನೀರಾವರಿಯ ಕ್ಷೇತ್ರದಲ್ಲಿಯೇ ಲಕ್ಷ್ಮಣಯ್ಯನವರು ರಾಗಿಗೆ ತಮ್ಮ ಆಯುಷ್ಯವನ್ನು ಸವೆಸಿದರು. ಅವರು ಹೊರತಂದ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ ಮೊದಲಾದ ತಳಿಗಳು ಹೊಲಗಳಿಗೆ ಹೋದುವು. ತರುವಾಯ ಅವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಇಂಡಾಫ್ ಎಂಬ ತಳಿಗಳ ಸಾಲನ್ನೇ ನಿರ್ಮಿಸಿದರು. ಇಂಡಿಯ, ಆಫ್ರಿಕ ಎಂಬೆರಡು ಹೆಸರುಗಳ ಮೊದಲಕ್ಷರಗಳಿಂದಾದುದು ಆ ನಾಮಧೇಯ. ಸಾವಿರಾರು ವರ್ಷ ಅಗಲಿದ್ದ ಒಂದೇ ಕುಲದವರು ಮಂಡ್ಯದಲ್ಲಿ ಮತ್ತೆ ಸಂಧಿಸಿದಂತಾಯಿತು. ಇಳುವರಿಯು ಹಿಂದೆಂದೂ ಕಾಣದಷ್ಟು ಹೆಚ್ಚಿತು. ರೈತರು ಅವರನ್ನು ರಾಗಿ ಬ್ರಹ್ಮನೆಂದು ಕರೆದರು. ಆ ಮಹನೀಯರು 1993ರಲ್ಲಿ ತೀರಿಕೊಂಡರು.

ಇನ್ನು ಬೆಲ್ಲದ ವಿಷಯ. ನನ್ನ ಸೋದರಮಾವನವರು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಲೆಮನೆ ನಡೆಸುತ್ತಿದ್ದರು. ಬಾಲ್ಯದಲ್ಲಿ ರಜೆಯ ದಿನಗಳನ್ನೆಲ್ಲ ನಾನು ಅಲ್ಲಿಯೇ ಕಳೆದೆನು. ಗಾಣದಿಂದಿಳಿದ ಕಬ್ಬಿನ ಹಾಲು ಕೊಪ್ಪರಿಗೆಗೆ ಬರುವುದು. ಒಣಗಿದ ರಚ್ಚನ್ನು ಒಲೆಯ ಬಾಯಿಗೆ ತುಂಬುತ್ತಿರುವರು. ಹಾಲು ಕಾದೊಡನೆ ಬೆಂಡೆಗಿಡದ ಲೋಳೆಯನ್ನು ಬಿಡುವರು. ಅದು ಕಸವನ್ನೆಲ್ಲ ಹಿಡಿದು ಮಡ್ಡಿಯಾಗಿ ಮೇಲೆ ತರುವುದು. ಒಂದಿಷ್ಟು ಸುಣ್ಣ, ಉಕ್ಕು ಬಂದರೆ ಒಂದು ತೊಟ್ಟು ಎಣ್ಣೆ. ಪಾಕದ ಹದವನ್ನು ಮಾವನವರು ನೀರಿನಲ್ಲಿ ಹನಿಸಿ ಬೆರಳಿನಿಂದ ಮುಟ್ಟಿ ಹೇಳುತ್ತಿದ್ದರು. ಅಂದಿನ ಬೆಲ್ಲವು ಕಂದು ಬಣ್ಣದ್ದಾಗಿರುತ್ತಿದ್ದಿತು. ಕೊಳ್ಳುವವರ ಕಣ್ಣು ಹೊಂಬಣ್ಣವನ್ನು ಕೇಳಲಾರಂಭಿಸಿದ ಮೇಲೆ ಬೆಂಡೆಯ ಲೋಳೆಯ ಸ್ಥಾನಕ್ಕೆ ಹೈಡ್ರೋಸ್ ಎಂದು ಕರೆಯುವ ಗಂಧಕಯುಕ್ತವಾದ ಪುಡಿ ಬಂದಿತು. ಕೆಲವೆಡೆ ಸಕ್ಕರೆಯನ್ನೇ ಸುರಿದು ಬೆಲ್ಲವಾಗಿ ಎರಕ ಹೊಯ್ಯುವ ಮೋಸವೂ ಬಂದಿತು. ಅಚ್ಚಾಗಲಿ, ಬಕೆಟ್ಟಾಗಲಿ, ಕುರಿಕಟ್ಟಾಗಲಿ, ಮಂಡ್ಯದ ಮಾರುಕಟ್ಟೆಯಲ್ಲಿ ಬಿಳುಪಾದ ಬೆಲ್ಲಕ್ಕೆ ಬೆಲೆ ಹೆಚ್ಚು ಸಿಕ್ಕುವಾಗ ಒಕ್ಕಲಿಗನನ್ನು ಮಾತ್ರ ದೂರಿ ಫಲವಿಲ್ಲ. ಆರೋಗ್ಯಕ್ಕಾಗಿ ಬೆಲ್ಲ ಬೇಕೆನ್ನುವವರು ಮೊದಲು ಕಪ್ಪು ಬೆಲ್ಲವನ್ನು ಕೊಳ್ಳಲು ಕಲಿಯಬೇಕು.

ಶುದ್ಧವಾದ ಬೆಲ್ಲದ ಗುಣವೇನೆಂದು ಕೇಳಿದರೆ, ಅದರಲ್ಲಿ ಸಕ್ಕರೆಯಲ್ಲಿ ಇಲ್ಲದ ಖನಿಜಾಂಶಗಳು ಸ್ವಲ್ಪಮಟ್ಟಿಗೆ ಇವೆ. ಕಬ್ಬಿಣವೂ ಕೊಂಚ ಇದೆ. ಮಿಕ್ಕ ಬಹುಭಾಗವು ಸಕ್ಕರೆಯೇ. ರಕ್ತವನ್ನು ಸೇರಿದ ಮೇಲೆ ಅದು ಗದ್ದೆಯಿಂದ ಬಂದಿತೋ ಕಾರ್ಖಾನೆಯಿಂದ ಬಂದಿತೋ ಎಂದು ದೇಹವು ಕೇಳುವುದಿಲ್ಲ. ಮಾವನವರಿಗೆ ಐವತ್ತೈದನೆಯ ವಯಸ್ಸಿನಲ್ಲಿ ಮಧುಮೇಹವಿರುವುದು ಗೊತ್ತಾಯಿತು. ಸಕ್ಕರೆಯನ್ನು ಅಂದೇ ಬಿಟ್ಟರು. ಕಾಫಿಗೆ ಬೆಲ್ಲ ಹಾಕಿಸಿಕೊಂಡರು, ಊಟದ ಕೊನೆಗೆ ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡರು. ನಾನು ತಡೆದಾಗ, “ನಮ್ ಗದ್ದೆ ಕಬ್ಬು ಕಣಪ್ಪ, ನಾನೇ ಕಾಯ್ಸಿದ್ ಬೆಲ್ಲ. ಅದ್ಯಾಕೆ ನಂಗೆ ಕೇಡು ಮಾಡ್ತದೆ?” ಎಂದರು. ಅದಕ್ಕೆ ಏನು ಉತ್ತರ ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಅವರ ಮಾತಿನಲ್ಲಿ ಇದ್ದುದು ಅಜ್ಞಾನವಲ್ಲ, ಮಮತೆ. ಆಮೇಲೆ ಜಾತ್ರೆಯೊಂದರಲ್ಲಿ ಯಾರೋ ಕೊಟ್ಟ ಮೆಂತ್ಯ, ನೇರಳೆಬೀಜಗಳ ಚೂರ್ಣವನ್ನು ನಂಬಿ ಆಸ್ಪತ್ರೆಯ ಮಾತ್ರೆಗಳನ್ನೂ ನಿಲ್ಲಿಸಿದರು. ಎರಡು ವರ್ಷಗಳ ತರುವಾಯ ಕಾಲಿನ ಹುಣ್ಣು ಮಾಯದೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆಯಬೇಕಾಯಿತು. ಕೊಪ್ಪರಿಗೆಯ ಬಳಿ ಕುರ್ಚಿ ಹಾಕಿಸಿಕೊಂಡು ಕುಳಿತು ಇನ್ನೂ ನಾಲ್ಕು ವರ್ಷ ಪಾಕದ ಹದವನ್ನು ಹೇಳಿದರು. ಈ ಲೇಖನವನ್ನು ಬರೆಯುವಾಗ ಅವರು ಕಣ್ಣ ಮುಂದೆ ಇದ್ದಾರೆ.

ಮೆಂತ್ಯದಲ್ಲಿ ಗುಣವೇ ಇಲ್ಲವೆಂದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಲ್ಲಿ 1980ರ ದಶಕದಿಂದ ಮೆಂತ್ಯದ ಮೇಲೆ ಪರೀಕ್ಷೆಗಳು ನಡೆದು, ರಕ್ತದ ಸಕ್ಕರೆಯು ಇಳಿದುದು ಕಂಡುಬಂದಿದೆ. ಆದರೆ ಆ ಪರೀಕ್ಷೆಗಳಲ್ಲಿ ರೋಗಿಗಳಿಗೆ ಕೊಟ್ಟುದು ದಿನಕ್ಕೆ 25ರಿಂದ 100 ಗ್ರಾಂವರೆಗೆ. ಒಗ್ಗರಣೆಯ ಒಂದು ಚಿಟಿಕೆಯಲ್ಲ. ಅದೂ ವೈದ್ಯರ ಕಣ್ಣ ಮುಂದೆ. ಇನ್ಸುಲಿನ್ ಮದ್ದು 1921-22ರಲ್ಲಿ ಕೆನಡದ ಟೊರಾಂಟೋದಲ್ಲಿ ಸಿದ್ಧವಾಗುವುದಕ್ಕೆ ಮುಂಚೆ ಈ ರೋಗದ ಎಳೆಯ ಮಕ್ಕಳು ಬದುಕುತ್ತಲೇ ಇರಲಿಲ್ಲ. ಆಗಲೂ ಲೋಕದಲ್ಲಿ ಮೆಂತ್ಯವಿದ್ದಿತು.

ಈಗ ಸಂಬಾರ ಪದಾರ್ಥಗಳಿಗೆ ಬರೋಣ. ಈ ಸೀಮೆಯ ಸಂಬಾರದ ವಿವೇಕವನ್ನು ನೋಡಬೇಕಾದರೆ ಉಪ್ಸಾರನ್ನು ನೋಡಬೇಕು. ಕಾಳನ್ನೂ ಸೊಪ್ಪನ್ನೂ ಬೇಯಿಸಿ ಬಸಿದ ಕಟ್ಟಿಗೆ ಉಪ್ಪು ಮಾತ್ರ. ಖಾರವನ್ನು ಬೇರೆಯಾಗಿ ಅರೆದು, ಜೀರಿಗೆ, ಮೆಣಸು, ಬೆಳ್ಳುಳ್ಳಿ, ಹುಣಿಸೆಗಳೊಡನೆ ಎಲೆಯ ಅಂಚಿಗೆ ಇಡುವರು. ಉಣ್ಣುವವನು ತನಗೆ ಬೇಕಾದಷ್ಟು ಕಲಸಿಕೊಳ್ಳುವನು. ಹೊಟ್ಟೆ ನೋವಿನವನೂ ಮಗುವೂ ಬಾಣಂತಿಯೂ ಒಂದೇ ಪಾತ್ರೆಯಿಂದ ಉಣ್ಣಬಹುದು. ಬೆಂದ ಸೊಪ್ಪಿನ ನೀರಿಗಿಳಿದ ಸತ್ತ್ವವನ್ನು ಚೆಲ್ಲದೆ ಉಣ್ಣುವ ಈ ಕ್ರಮವನ್ನು ಯಾವ ಪೋಷಣಶಾಸ್ತ್ರಜ್ಞರೂ ಮೆಚ್ಚುವರು. ಆದರೆ ಉಪ್ಸಾರಿನ ಕೆಂಪು ಖಾರವು ಸನಾತನವೆಂದು ತಿಳಿಯಬಾರದು. ಮೆಣಸಿನಕಾಯಿಯು ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗುಗಳ ಕಾಲಕ್ಕೆ ಮುಂಚೆ ಅದು ನಮ್ಮಲ್ಲಿ ಇರಲಿಲ್ಲ. ಮೆಣಸಿನ ಹೆಸರನ್ನೇ ತೆಗೆದುಕೊಂಡು ಅದಕ್ಕೊಂದು ಕಾಯಿ ಸೇರಿಸಿಕೊಂಡಿರುವುದೇ ಅದು ಆಮೇಲೆ ಬಂದುದೆಂಬುದಕ್ಕೆ ಗುರುತು. ಹದಿನಾರನೆಯ ಶತಮಾನದ ಆದಿಯಲ್ಲಿ ಹುಣಸೂರಿನ ಕಡೆಯ ಕಲ್ಲಹಳ್ಳಿಯ ಮಂಗರಸನು ಸೂಪಶಾಸ್ತ್ರವನ್ನು ಪದ್ಯದಲ್ಲಿ ಬರೆದಾಗ ಖಾರಕ್ಕೆ ಮೆಣಸು ಶುಂಠಿಗಳೇ ಗತಿಯಾಗಿದ್ದುವು. ಕೆಳದಿಯ ವೀರಶೈವ ಅರಸನಾದ ಬಸವಪ್ಪನಾಯಕನು 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಶಿವತತ್ತ್ವರತ್ನಾಕರವೆಂಬ ಸರ್ವವಿಷಯಕೋಶದಲ್ಲಿ ಪಾಕಶಾಸ್ತ್ರಕ್ಕೆ ಸ್ಥಳವಿರುವುದನ್ನು ನಮ್ಮ ಭಕ್ತರು ತಿಳಿದಿರಬೇಕು.

ಅರಸಿನದ ಚರಿತ್ರೆಯಲ್ಲಿ ಒಂದು ವ್ಯಾಜ್ಯವೂ ಸೇರಿದೆ. ಗಾಯಕ್ಕೆ ಅರಸಿನ ಹಚ್ಚುವುದು ತಮ್ಮ ನೂತನ ಶೋಧನೆಯೆಂದು ಅಮೆರಿಕದಲ್ಲಿ 1995ರಲ್ಲಿ ಪೇಟೆಂಟು ಪಡೆದವರಿದ್ದರು. ರಘುನಾಥ ಮಾಶೇಲ್ಕರರು ಮುಖ್ಯಸ್ಥರಾಗಿದ್ದ ನಮ್ಮ ದೇಶದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಲಿಯವರು ಹಳೆಯ ಗ್ರಂಥಗಳನ್ನೂ ಪತ್ರಿಕೆಗಳನ್ನೂ ಮುಂದಿಟ್ಟು ವಾದಿಸಿದುದರಿಂದ 1997ರಲ್ಲಿ ಅದು ರದ್ದಾಯಿತು. ನಮ್ಮ ಅಜ್ಜಿಯರ ಕೈಮದ್ದು ಗೆದ್ದಿತೆಂದು ಸಂತೋಷಪಟ್ಟೆವು, ಪಡತಕ್ಕದ್ದೇ. ಆದರೆ ಅಲ್ಲಿ ತೀರ್ಮಾನವಾದುದು ಅರಸಿನವು ಎಷ್ಟು ಗುಣ ಕೊಡುವುದೆಂಬುದಲ್ಲ, ಅದು ಹೊಸದಲ್ಲವೆಂಬುದು. ಅರಸಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ಅಂಶವು ಅದರಲ್ಲಿ ನೂರಕ್ಕೆ ಎರಡು ಮೂರು ಪಾಲಿನಷ್ಟು ಮಾತ್ರ; ಅದೂ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಎರಡು ಗ್ರಾಂ ಕರ್ಕ್ಯುಮಿನ್ನಿಗೆ ಮೆಣಸಿನ ಸತ್ತ್ವವಾದ ಪೈಪರಿನ್ನನ್ನು 20 ಮಿಲಿಗ್ರಾಂ ಸೇರಿಸಿ ಮನುಷ್ಯರಿಗೆ ಕೊಟ್ಟಾಗ, ರಕ್ತಕ್ಕೆ ಸೇರುವ ಭಾಗವು ಇಪ್ಪತ್ತು ಪಟ್ಟು ಹೆಚ್ಚಿತು. ಕೆಮ್ಮಿಗೆ ಕೊಡುವ ಹಾಲಿನಲ್ಲಿ ಅರಸಿನದ ಜೊತೆಗೆ ನಾಲ್ಕು ಕಾಳು ಮೆಣಸು ಕುಟ್ಟಿ ಹಾಕುತ್ತಿದ್ದುದು ಇಲ್ಲಿ ನೆನಪಿಗೆ ಬಾರದಿರದು. ಹಾಗೆಂದು ಅರ್ಬುದ ರೋಗವು ಇದರಿಂದ ವಾಸಿಯಾದುದಕ್ಕೆ ಪ್ರಮಾಣವಿಲ್ಲ. ಗುಳಿಗೆಗಳಾಗಿ ಅತಿಯಾಗಿ ನುಂಗಿದವರ ಪಿತ್ತಜನಕಾಂಗವು ಕೆಟ್ಟ ಪ್ರಸಂಗಗಳು 2019ರಲ್ಲಿ ಇಟಲಿಯಿಂದ ವರದಿಯಾದುವು. ಅದೇ ವರ್ಷ ಬಾಂಗ್ಲಾದೇಶದ ಅರಸಿನವನ್ನು ಕುರಿತು ಪ್ರಕಟವಾದ ಸಂಶೋಧನೆಯು, ಹಳದಿ ಬಣ್ಣ ಹೆಚ್ಚಲೆಂದು ಬೆರೆಸಿದ ಸೀಸದ ಕ್ರೋಮೇಟು ಉಣ್ಣುವವರ ರಕ್ತಕ್ಕೆ ಸೀಸವನ್ನು ಸೇರಿಸುತ್ತಿರುವುದನ್ನು ತೋರಿಸಿತು. 

ಶುಂಠಿ, ಓಮ, ಇಂಗು, ಜೀರಿಗೆಗಳ ವಿಷಯವನ್ನು ವಿಸ್ತರಿಸುವುದಿಲ್ಲ. ಹೊಟ್ಟೆಯುಬ್ಬರಕ್ಕೂ ಓಕರಿಕೆಗೂ ಅವು ಒದಗುವುದನ್ನು ಎಲ್ಲರೂ ಅನುಭವದಿಂದ ಬಲ್ಲರು. ಶುಂಠಿಯು ವಾಕರಿಕೆಯನ್ನು ತಡೆಯುವುದನ್ನು ಆಸ್ಪತ್ರೆಗಳಲ್ಲಿಯೂ ಪರೀಕ್ಷಿಸಿ ಒಪ್ಪಿರುವರು. ಮದ್ದೂರಿನ ಎಳನೀರಿಗೆ ದೇಶವೇ ಮರುಳಾಗಿದೆ. ಬಿಸಿಲಿನಲ್ಲಿ ಬಳಲಿದವನಿಗೆ ಅದು ಅಮೃತಪ್ರಾಯವೇ ಸರಿ. ಮೂತ್ರಪಿಂಡ ಕೆಟ್ಟವನಿಗೆ ಅದರಲ್ಲಿನ ಪೊಟ್ಯಾಸಿಯಂ ವಿಷಪ್ರಾಯವಾಗಬಹುದು. ಅದೇ ಊರಿನ ರೈಲ್ವೆ ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯರು 1917ರಲ್ಲಿ ಆರಂಭಿಸಿದರೆನ್ನುವ ಮದ್ದೂರು ವಡೆಯನ್ನಾದರೋ ಯಾರೂ ಔಷಧವೆಂದು ಹೇಳಿಲ್ಲ. ಆ ಒಂದು ತಿಂಡಿಯನ್ನು ನಮ್ಮವರು ರುಚಿಗಾಗಿಯೇ ತಿನ್ನುತ್ತ ಬಂದಿರುವುದು ನೆಮ್ಮದಿಯ ಸಂಗತಿ.

ಶರಣರಲ್ಲಿ ವೈದ್ಯರೂ ಇದ್ದರು. ವೈದ್ಯ ಸಂಗಣ್ಣನವರು ನಾಡಿ, ದೋಷ, ಪಥ್ಯ, ಮದ್ದುಗಳ ಮಾತುಗಳನ್ನೇ ಹಿಡಿದು ವಚನಗಳನ್ನು ಹೇಳಿದರು. ಅವರು ಭವರೋಗದ ಮಾತನಾಡುವಾಗಲೂ, ರೋಗವನ್ನು ಅರಿಯದೆ ಮದ್ದು ಕೊಡುವವನನ್ನು ವೈದ್ಯನೆಂದು ಭಾವಿಸಿದವರಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಮನೆಗೆ ಸೇರಿಸದೆ ಹಿಂದಿರುಗಿಸಿ ಬರುವಂತೆ ಕಳುಹಿದ ಕಥೆಯು ಸಕಲರಿಗೂ ತಿಳಿದುದೇ ಆಗಿದೆ. ಆ ಕಥೆಯ ತಾತ್ಪರ್ಯವು ಆರೋಗ್ಯಕ್ಕೆ ಸಂಬಂಧಿಸಿದುದಲ್ಲ. ಆದರೂ ಮುದ್ದೆಯ ಮೇಲೆ ಮುದ್ದೆ ಇಕ್ಕಿಸಿಕೊಂಡು, ರಾಗಿಯಲ್ಲವೇ, ಏನೂ ಆಗದೆಂದು ನಗುವ ಮಿತ್ರರನ್ನು ಪಂಕ್ತಿಯಲ್ಲಿ ಕಂಡಾಗಲೆಲ್ಲ ನನಗೆ ಲಕ್ಕಮ್ಮನವರ ನೆನಪು ಬರುವುದುಂಟು.

ಕಡೆಯದಾಗಿ ಕಿರುಗಾವಲಿನ ಮಾತು. ಮಳವಳ್ಳಿ ತಾಲ್ಲೂಕಿನ ಈ ಊರಿನ ರೈತರಾದ ಸೈಯದ್ ಗನಿ ಖಾನರು, ಗಿರಣಿಯೂ ಹೊಸ ತಳಿಗಳೂ ಮರೆಯಿಸಿದ ನೂರಾರು ದೇಶಿ ಭತ್ತಗಳನ್ನು ಸಂಗ್ರಹಿಸಿ, ವರ್ಷವರ್ಷವೂ ಸಣ್ಣ ಸಣ್ಣ ಮಡಿಗಳಲ್ಲಿ ಬಿತ್ತಿ ಬೆಳೆದು ಉಳಿಸಿಕೊಂಡು ಬಂದಿದ್ದಾರೆ. ಮೈಸೂರು ಅರಸರ ಅಡುಗೆಮನೆಯ ನಂಟನ್ನು ಹೇಳುವ ರಾಜಮುಡಿಯಂಥವೂ, ಕೇರಳದ ವೈದ್ಯರು ಮೈಗೆ ಕಟ್ಟಿ ಉಜ್ಜಲು ಬಳಸುವ ನವರದಂಥವೂ ಇಂಥ ದೇಶಿ ತಳಿಗಳಲ್ಲಿ ಸೇರುತ್ತವೆ. ನವರವು ಅರುವತ್ತು ದಿನಗಳಲ್ಲಿ ಬೆಳೆಯುವ ಷಷ್ಟಿಕ ವರ್ಗದ್ದು. ಚರಕ ಸಂಹಿತೆಯಲ್ಲಿ ಷಷ್ಟಿಕದ ಹೆಸರು ಬರುವ ಒಂದು ಸಂದರ್ಭವು ನಮ್ಮ ವಿಷಯಕ್ಕೆ ತಕ್ಕದ್ದಾಗಿದೆ. ಷಷ್ಟಿಕ, ಶಾಲಿ, ಹೆಸರು, ಸೈಂಧವ ಲವಣ, ನೆಲ್ಲಿ, ಜವೆ, ಮಳೆಯ ನೀರು, ಹಾಲು, ತುಪ್ಪ, ಜೇನು ಇವುಗಳನ್ನು ಅಲ್ಲಿ ಎಣಿಸಿರುವುದು ಇಂಥ ರೋಗಕ್ಕೆ ಇದು ಮದ್ದೆಂದಲ್ಲ. ಆರೋಗ್ಯವಂತನು ನಿತ್ಯವೂ ಉಣ್ಣತಕ್ಕವೆಂದು. ಮಳವಳ್ಳಿಯ ಕಡೆಗೆ ಹೋಗುವ ಭಕ್ತರು ಸುಗ್ಗಿಗೆ ಹದಿನೈದು ದಿನ ಮುಂಚೆ ಕಿರುಗಾವಲಿಗೆ ಹೋದರೆ, ಕಪ್ಪು, ಕೆಂಪು, ಹೊನ್ನು, ಬೂದು ಬಣ್ಣದ ತೆನೆಗಳು ಒಂದರ ಪಕ್ಕದಲ್ಲಿ ಒಂದು ಬಾಗಿರುವುದನ್ನು ಕಾಣಬಹುದು.